ಜಾರ್ಜ್ ಗ್ಯಾಮೊ

ಜಾರ್ಜ್ ಗ್ಯಾಮೊ (4 ಮಾರ್ಚ್ 1904 – 19 ಆಗಸ್ಟ್ 1968) ರಷ್ಯನ್ ಸಾಮ್ರಾಜ್ಯದ ಒಡೆಸ್ಸಾ ನಗರದಲ್ಲಿ ಜನಿಸಿ, ಮುಂದೆ ಅಮೆರಿಕದ ಪ್ರಜೆಯಾದ ಸೈದ್ಧಾಂತಿಕ ಭೌತವಿಜ್ಞಾನಿ. ವಿಕಿರಣಶೀಲ ಪರಮಾಣುಗಳ ನ್ಯೂಕ್ಲಿಯಸ್ಸಿನಿಂದ ಆಲ್ಫಾ ಕಣವು ಹೊರಬೀಳುವ ಬಗೆಯನ್ನು 1928ರಲ್ಲಿ ಕ್ವಾಂಟಂ ಸಿದ್ಧಾಂತದ ಮೂಲಕ ವಿವರಿಸಿದ್ದು ಇವರ ಮೊದಲ ಮಹತ್ವದ ಸಾಧನೆ. ಆಗ ಅವರಿಗೆ 24 ವರ್ಷ. ನಕ್ಷತ್ರಗಳ ಒಡಲಲ್ಲಿ ಶಕ್ತಿ ಹುಟ್ಟುವ ಬಗೆ, ಮಹಾಸ್ಫೋಟ ಸಿದ್ಧಾಂತ ಮತ್ತು ಜೀವಕೋಶಗಳ ಆನುವಂಶಿಕ ಸಂಕೇತ, ಈ ಮೂರು ಕ್ಷೇತ್ರಗಳಲ್ಲಿಯೂ ಅವರ ಕೊಡುಗೆ ಇದೆ. ಸಾಮಾನ್ಯ ಓದುಗರಿಗಾಗಿ ಬರೆದ ವಿಜ್ಞಾನ ಪುಸ್ತಕಗಳಿಂದಲೂ ಅವರು ಜಗತ್ತಿನಾದ್ಯಂತ ಪರಿಚಿತರು. ರಷ್ಯನ್ ಭಾಷೆಯಲ್ಲಿ ಅವರ ಹೆಸರು ಗಿಯೋರ್ಗಿ ಆಂತೊನೊವಿಚ್ ಗಾಮೊವ್.

ಬಾಲ್ಯ

ಗ್ಯಾಮೊ ಅವರ ತಂದೆ ಒಡೆಸ್ಸಾದ ಶಾಲೆಯಲ್ಲಿ ರಷ್ಯನ್ ಭಾಷೆ ಮತ್ತು ಸಾಹಿತ್ಯದ ಅಧ್ಯಾಪಕರಾಗಿದ್ದರು. ತಾಯಿ ಬಾಲಕಿಯರ ಶಾಲೆಯಲ್ಲಿ ಇತಿಹಾಸ ಮತ್ತು ಭೂಗೋಳವನ್ನು ಕಲಿಸುತ್ತಿದ್ದರು. ಗ್ಯಾಮೊ ಒಂಬತ್ತು ವರ್ಷದವರಿದ್ದಾಗ ತಾಯಿ ತೀರಿಕೊಂಡರು. ಮಹಾಯುದ್ಧ, ಕ್ರಾಂತಿ ಮತ್ತು ಅಂತರ್ಯುದ್ಧಗಳ ಆ ಕಾಲದಲ್ಲಿ ಶಾಲೆಗಳು ನಡೆದದ್ದಕ್ಕಿಂತ ಮುಚ್ಚಿದ್ದೇ ಹೆಚ್ಚು. ಹೀಗಾಗಿ ಅವರ ಕಲಿಕೆಯ ಬಹುಭಾಗ ಮನೆಯಲ್ಲಿಯೇ ನಡೆಯಿತು.

ತಂದೆ ಕೊಡಿಸಿದ ಒಂದು ಸೂಕ್ಷ್ಮದರ್ಶಕದ ಪ್ರಸಂಗವನ್ನು ಗ್ಯಾಮೊ ತಮ್ಮ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. ಚರ್ಚಿನಲ್ಲಿ ಪ್ರಸಾದವಾಗಿ ಕೊಡುವ ದ್ರಾಕ್ಷಾರಸದಲ್ಲಿ ನೆನೆಸಿದ ರೊಟ್ಟಿಯು ಕ್ರಿಸ್ತನ ರಕ್ತಮಾಂಸವಾಗಿ ಮಾರ್ಪಡುತ್ತದೆ ಎಂಬುದು ಭಕ್ತರ ನಂಬಿಕೆ. ಬಾಲಕ ಗ್ಯಾಮೊ ಆ ತುಣುಕನ್ನು ನುಂಗದೆ ಕೆನ್ನೆಯಲ್ಲಿ ಇಟ್ಟುಕೊಂಡು ಮನೆಗೆ ಓಡಿ, ಮೊದಲೇ ಸಿದ್ಧಪಡಿಸಿದ್ದ ಸಾಧಾರಣ ರೊಟ್ಟಿಯ ಚೂರಿನ ಜೊತೆಗಿಟ್ಟು ಸೂಕ್ಷ್ಮದರ್ಶಕದಲ್ಲಿ ಹೋಲಿಸಿ ನೋಡಿದನು. ಎರಡರಲ್ಲಿಯೂ ವ್ಯತ್ಯಾಸ ಕಾಣಲಿಲ್ಲ. ತಾವು ವಿಜ್ಞಾನಿಯಾದದ್ದಕ್ಕೆ ಈ ಪ್ರಯೋಗವೇ ಕಾರಣವಿರಬಹುದೆಂದು ಅವರು ನೆನೆದಿದ್ದಾರೆ.

ಲೆನಿನ್‌ಗ್ರಾಡ್

ಒಡೆಸ್ಸಾದ ವಿಶ್ವವಿದ್ಯಾಲಯದಲ್ಲಿ ಕೆಲಕಾಲ ಓದಿದ ಮೇಲೆ ಗ್ಯಾಮೊ ಪೆಟ್ರೊಗ್ರಾಡ್‌ಗೆ ತೆರಳಿದರು. 1924ರಲ್ಲಿ ಆ ನಗರದ ಹೆಸರು ಲೆನಿನ್‌ಗ್ರಾಡ್ ಎಂದಾಯಿತು. ವಿಶ್ವವು ಹಿಗ್ಗುತ್ತಿರಬಹುದೆಂದು ಐನ್‌ಸ್ಟೈನರ ಸಮೀಕರಣಗಳಿಂದ ಮೊದಲು ತೋರಿಸಿದ ಅಲೆಕ್ಸಾಂಡರ್ ಫ್ರೀಡ್‌ಮನ್ ಅಲ್ಲಿ ಪ್ರಾಧ್ಯಾಪಕರಾಗಿದ್ದರು. ಅವರ ಬಳಿ ಸಂಶೋಧನೆ ಮಾಡಬೇಕೆಂಬುದು ಗ್ಯಾಮೊ ಅವರ ಆಸೆಯಾಗಿತ್ತು. ಆದರೆ 1925ರಲ್ಲಿ ಫ್ರೀಡ್‌ಮನ್ ಅಕಾಲ ಮರಣಕ್ಕೆ ತುತ್ತಾದರು. ಲೆವ್ ಲಂಡೌ ಮತ್ತು ದ್ಮಿತ್ರಿ ಇವಾನೆಂಕೊ ಈ ಕಾಲದ ಗೆಳೆಯರು. ಜರ್ಮನಿಯಿಂದ ಆಗತಾನೇ ಬರುತ್ತಿದ್ದ ಕ್ವಾಂಟಂ ಬಲವಿಜ್ಞಾನದ ಲೇಖನಗಳನ್ನು ಅಧ್ಯಾಪಕರ ನೆರವಿಲ್ಲದೆ ತಾವೇ ಓದಿ ಚರ್ಚಿಸುತ್ತಿದ್ದ ಈ ಮೂವರನ್ನು ಸಹಪಾಠಿಗಳು ಮೂವರು ಬಂಟರೆಂದು ಕರೆಯುತ್ತಿದ್ದರು.

ಆಲ್ಫಾ ಕ್ಷಯದ ಸಿದ್ಧಾಂತ

1928ರ ಬೇಸಿಗೆಯಲ್ಲಿ ಗ್ಯಾಮೊ ಜರ್ಮನಿಯ ಗಾಟಿಂಗೆನ್‌ಗೆ ಬಂದರು. ಅಲ್ಲಿ ಎಲ್ಲರೂ ಪರಮಾಣು ಮತ್ತು ಅಣುಗಳ ಹೊರಮೈಯ ಎಲೆಕ್ಟ್ರಾನುಗಳಿಗೆ ಕ್ವಾಂಟಂ ಬಲವಿಜ್ಞಾನವನ್ನು ಅನ್ವಯಿಸುವುದರಲ್ಲಿ ಮುಳುಗಿದ್ದರು. ಕಿಕ್ಕಿರಿದ ಕ್ಷೇತ್ರಗಳನ್ನು ಇಷ್ಟಪಡದ ಗ್ಯಾಮೊ, ಯಾರೂ ಕೈಹಾಕದ ನ್ಯೂಕ್ಲಿಯಸ್ಸನ್ನು ಆರಿಸಿಕೊಂಡರು.

ಅಲ್ಲಿನ ಗ್ರಂಥಾಲಯದಲ್ಲಿ ಅವರಿಗೆ ಅರ್ನೆಸ್ಟ್ ರುದರ್‌ಫೋರ್ಡ್ ಅವರ 1927ರ ಲೇಖನವೊಂದು ಸಿಕ್ಕಿತು. ಅದರಲ್ಲಿದ್ದ ಒಗಟು ಇದು. ಥೋರಿಯಂ ಸರಣಿಯ ಮೂಲವಸ್ತುವಿನಿಂದ ಬರುವ, 80 ಲಕ್ಷ ಎಲೆಕ್ಟ್ರಾನ್ ವೋಲ್ಟಿಗೂ ಮಿಗಿಲಾದ ಶಕ್ತಿಯ ಆಲ್ಫಾ ಕಣಗಳನ್ನು ಯುರೇನಿಯಂ ಮೇಲೆ ಹಾಯಿಸಿದರೆ ಅವು ವಿದ್ಯುತ್ ವಿಕರ್ಷಣೆಯಿಂದ ಹಿಂದಿರುಗುತ್ತವೆ, ನ್ಯೂಕ್ಲಿಯಸ್ಸಿನ ಒಳಗೆ ಹೋಗಲಾರವು. ಎಂದರೆ ನ್ಯೂಕ್ಲಿಯಸ್ಸಿನ ಸುತ್ತಲಿನ ಶಕ್ತಿಯ ತಡೆಗೋಡೆ ಅದಕ್ಕಿಂತ ಎತ್ತರವಾಗಿರಬೇಕು. ಆದರೆ ಅದೇ ಯುರೇನಿಯಂ ತಾನಾಗಿಯೇ ಹೊರಸೂಸುವ ಆಲ್ಫಾ ಕಣದ ಶಕ್ತಿ ಸುಮಾರು 42 ಲಕ್ಷ ಎಲೆಕ್ಟ್ರಾನ್ ವೋಲ್ಟ್ ಮಾತ್ರ. ಗೋಡೆಯ ನೆತ್ತಿಯನ್ನು ಏರಿ ಇಳಿದು ಬಂದ ಕಣಕ್ಕೆ ಕನಿಷ್ಠ ಆ ಎತ್ತರದಷ್ಟಾದರೂ ಶಕ್ತಿ ಇರಬೇಕಿತ್ತು. ಆಲ್ಫಾ ಕಣವು ಎರಡು ಎಲೆಕ್ಟ್ರಾನುಗಳನ್ನು ಅಂಟಿಸಿಕೊಂಡು ವಿದ್ಯುದಾವೇಶವಿಲ್ಲದೆ ಹೊರಬಂದು, ಆಮೇಲೆ ಅವನ್ನು ಕಳಚಿಕೊಳ್ಳುತ್ತದೆ ಎಂದು ರುದರ್‌ಫೋರ್ಡ್ ಊಹಿಸಿದ್ದರು. ಲೇಖನವನ್ನು ಓದಿ ಮುಗಿಸುವ ಹೊತ್ತಿಗೆ ಈ ಊಹೆ ಅನಗತ್ಯವೆಂದು ಗ್ಯಾಮೊ ಅವರಿಗೆ ಹೊಳೆದಿತ್ತು.

ಹಳೆಯ ಬಲವಿಜ್ಞಾನದಲ್ಲಿ ಗೋಡೆಗಿಂತ ಕಡಿಮೆ ಶಕ್ತಿಯ ಕಣ ಎಂದೆಂದಿಗೂ ಒಳಗೇ ಉಳಿಯಬೇಕು. ಕ್ವಾಂಟಂ ಬಲವಿಜ್ಞಾನದಲ್ಲಿ ಕಣಕ್ಕೆ ತರಂಗದ ಗುಣವೂ ಇದೆ. ಆ ತರಂಗ ಗೋಡೆಯ ಅಂಚಿನಲ್ಲಿ ಥಟ್ಟನೆ ನಿಲ್ಲುವುದಿಲ್ಲ. ಗೋಡೆಯೊಳಗೆ ಕ್ಷೀಣಿಸುತ್ತ ಸಾಗಿ, ಆಚೆಯ ಬದಿಯಲ್ಲಿ ಅತಿ ಸಣ್ಣ ಪ್ರಮಾಣದಲ್ಲಿ ಉಳಿದಿರುತ್ತದೆ. ಆದ್ದರಿಂದ ಕಣವು ಹೊರಗೆ ಕಾಣಿಸಿಕೊಳ್ಳುವ ಸಂಭವ ಸೊನ್ನೆಯಲ್ಲ. ಇದನ್ನೇ ಸುರಂಗ ಪರಿಣಾಮ ಎನ್ನುತ್ತಾರೆ. ಹೆಸರು ಸ್ವಲ್ಪ ದಾರಿ ತಪ್ಪಿಸುವಂಥದ್ದು. ಕಣವು ಏನನ್ನೂ ಕೊರೆಯುವುದಿಲ್ಲ, ಗೋಡೆಯಲ್ಲಿ ರಂಧ್ರವೂ ಉಳಿಯುವುದಿಲ್ಲ.

ಗ್ಯಾಮೊ ತಮ್ಮ ಮಾದರಿಯಲ್ಲಿ ಆಲ್ಫಾ ಕಣವು ನ್ಯೂಕ್ಲಿಯಸ್ಸಿನೊಳಗೆ ಮೊದಲೇ ಸಿದ್ಧವಾಗಿದ್ದು, ಅತ್ತಿತ್ತ ಚಲಿಸುತ್ತ ಗೋಡೆಗೆ ಮತ್ತೆ ಮತ್ತೆ ಬಡಿಯುತ್ತದೆ ಎಂದು ಭಾವಿಸಿದರು. ಹಾಗೆ ಬಡಿಯುವ ಸಂಖ್ಯೆ ಸೆಕೆಂಡಿಗೆ ಸುಮಾರು 1ರ ಮುಂದೆ 21 ಸೊನ್ನೆಗಳನ್ನು ಬರೆದಷ್ಟು. ಒಂದೊಂದು ಬಡಿತದಲ್ಲಿ ಪಾರಾಗುವ ಸಂಭವವನ್ನು ಈ ಸಂಖ್ಯೆಯಿಂದ ಗುಣಿಸಿದರೆ ಕ್ಷಯದ ವೇಗ ದೊರೆಯುತ್ತದೆ. ಯುರೇನಿಯಂ-238ರ ವಿಷಯದಲ್ಲಿ ಆ ಸಂಭವ ಎಷ್ಟು ಅಲ್ಪವೆಂದರೆ, 1ರ ಮುಂದೆ 38 ಸೊನ್ನೆಗಳನ್ನು ಬರೆದಷ್ಟು ಬಾರಿ ಬಡಿದರೂ ಕಣವು ಒಳಗೇ ಉಳಿದಿರಬಹುದು. ಲೆಕ್ಕದಲ್ಲಿ ಬಂದ ಒಂದು ಸಮಾಕಲನವನ್ನು ಬಿಡಿಸಲು ಗ್ಯಾಮೊ ಗಣಿತಜ್ಞ ಮಿತ್ರ ನಿಕೊಲಾಯ್ ಕೊಚಿನ್ ಅವರ ನೆರವು ಪಡೆದರು. ಜರ್ಮನ್ ಪತ್ರಿಕೆಗೆ ಅವರ ಲೇಖನ ತಲುಪಿದ್ದು 1928ರ ಆಗಸ್ಟ್ ಆರಂಭದಲ್ಲಿ.

ಈ ಸಿದ್ಧಾಂತದಿಂದ ಇನ್ನೊಂದು ಹಳೆಯ ಒಗಟೂ ಬಿಡಿಸಿತು. ಹೆಚ್ಚು ಶಕ್ತಿಯ ಆಲ್ಫಾ ಕಣವನ್ನು ಸೂಸುವ ಧಾತುಗಳು ಬೇಗ ಕ್ಷಯಿಸುತ್ತವೆ ಎಂದು ಹಾನ್ಸ್ ಗೈಗರ್ ಮತ್ತು ಜಾನ್ ನಟಾಲ್ 1911ರಲ್ಲಿ ಕಂಡುಕೊಂಡಿದ್ದರು. ಆದರೆ ವ್ಯತ್ಯಾಸದ ಅಗಾಧತೆ ಯಾರಿಗೂ ಅರ್ಥವಾಗಿರಲಿಲ್ಲ. ಯುರೇನಿಯಂ-238ರ ಅರ್ಧಾಯು 447 ಕೋಟಿ ವರ್ಷ. ಅದರ ಎರಡರಷ್ಟು ಶಕ್ತಿಯ ಆಲ್ಫಾ ಕಣವನ್ನು ಸೂಸುವ ಪೊಲೋನಿಯಂ-212ರ ಅರ್ಧಾಯು ಸೆಕೆಂಡಿನ ಹತ್ತು ಲಕ್ಷದ ಒಂದು ಭಾಗಕ್ಕಿಂತಲೂ ಕಡಿಮೆ. ಗ್ಯಾಮೊ ಅವರ ಗೋಡೆ ಕೋಟೆಯ ಗೋಡೆಯಂತೆ ಬುಡದಲ್ಲಿ ದಪ್ಪ, ಮೇಲೇರಿದಂತೆ ತೆಳು. ಶಕ್ತಿ ಎರಡರಷ್ಟಾದರೆ ದಾಟಬೇಕಾದ ದಪ್ಪ ಸುಮಾರು ಮೂರನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಪಾರಾಗುವ ಸಂಭವ ಆ ದಪ್ಪದ ಘಾತದಲ್ಲಿ ಬದಲಾಗುವುದರಿಂದ, ಸಣ್ಣ ವ್ಯತ್ಯಾಸವೂ ಅರ್ಧಾಯುವಿನಲ್ಲಿ ಕೋಟಿ ಕೋಟಿ ಪಟ್ಟು ಬೆಳೆದು ಕಾಣಿಸುತ್ತದೆ.

ಅಮೆರಿಕದ ಪ್ರಿನ್ಸ್‌ಟನ್‌ನಲ್ಲಿ ರೊನಾಲ್ಡ್ ಗರ್ನಿ ಮತ್ತು ಎಡ್ವರ್ಡ್ ಕಾಂಡನ್ ಅದೇ ಬೇಸಿಗೆಯಲ್ಲಿ, ಗ್ಯಾಮೊ ಅವರ ಕೆಲಸದ ಅರಿವಿಲ್ಲದೆ, ಇದೇ ವಿವರಣೆಗೆ ತಲುಪಿದ್ದರು. ಅವರ ಟಿಪ್ಪಣಿ 1928ರ ಸೆಪ್ಟೆಂಬರಿನಲ್ಲಿ ಪ್ರಕಟವಾಯಿತು. ಜನಪ್ರಿಯ ಬರಹಗಳು ಗ್ಯಾಮೊ ಅವರೊಬ್ಬರನ್ನೇ ಹೆಸರಿಸುವುದುಂಟು. ಶ್ರೇಯಸ್ಸು ಮೂವರಿಗೂ ಸಲ್ಲಬೇಕು.

ಈ ಸಿದ್ಧಾಂತದ ಪ್ರಕಾರ ಒಂದು ನಿರ್ದಿಷ್ಟ ಪರಮಾಣು ಯಾವಾಗ ಒಡೆಯುತ್ತದೆ ಎಂಬುದಕ್ಕೆ ಹುಡುಕಬೇಕಾದ ಗುಪ್ತ ಕಾರಣವಿಲ್ಲ. ಹಳೆಯ ಪರಮಾಣುವಿಗೂ ಹೊಸ ಪರಮಾಣುವಿಗೂ ಮುಂದಿನ ಕ್ಷಣದಲ್ಲಿ ಕ್ಷಯಿಸುವ ಸಂಭವ ಒಂದೇ. ಪ್ರಯೋಗಶಾಲೆಗಳು ಕಾಲು ಶತಮಾನದಿಂದ ಅಳೆಯುತ್ತಿದ್ದ ಈ ಆಕಸ್ಮಿಕತೆ ಪ್ರಕೃತಿಯ ಮೂಲ ನಿಯಮದಲ್ಲಿಯೇ ಇದೆಯೆಂದು ಅದು ತೋರಿಸಿತು. ಕ್ವಾಂಟಂ ಬಲವಿಜ್ಞಾನವು ನ್ಯೂಕ್ಲಿಯಸ್ಸಿಗೂ ಅನ್ವಯಿಸುತ್ತದೆ ಎಂಬುದಕ್ಕೆ ದೊರೆತ ಮೊದಲ ದೃಢವಾದ ಪುರಾವೆಯೂ ಇದೇ.

ಗೋಗಿಯ ಯುರೇನಿಯಂ: ಒಂದು ಉದಾಹರಣೆ

ಈ ಕಾಲಮಾನಗಳನ್ನು ಕರ್ನಾಟಕದ ಒಂದು ಸ್ಥಳದ ಮೂಲಕ ಗ್ರಹಿಸಬಹುದು. ಯಾದಗಿರಿ ಜಿಲ್ಲೆಯ ಶಹಾಪುರ ತಾಲ್ಲೂಕಿನ ಗೋಗಿಯಲ್ಲಿ, ಭೀಮಾ ಕೊಳ್ಳದ ಸುಣ್ಣಕಲ್ಲು ಮತ್ತು ಅದರ ಕೆಳಗಿನ ಗ್ರಾನೈಟ್ ಸಂಧಿಸುವ ಸ್ತರಭಂಗದ ಉದ್ದಕ್ಕೂ ಯುರೇನಿಯಂ ಅದಿರು ಪತ್ತೆಯಾಗಿದೆ. ಅಲ್ಲಿ ಗಣಿಗಾರಿಕೆ ನಡೆಸುವ ಯೋಜನೆಗೆ ಸ್ಥಳೀಯರಿಂದ ವಿರೋಧವೂ ವ್ಯಕ್ತವಾಗಿದೆ. ಅದಿರಿನಲ್ಲಿರುವ ಯುರೇನಿಯಂ-238ರ ಪ್ರತಿ ಗ್ರಾಮಿನಲ್ಲಿ ಸೆಕೆಂಡಿಗೆ ಸುಮಾರು 12,400 ಪರಮಾಣುಗಳು ಆಲ್ಫಾ ಕಣವನ್ನು ಸೂಸುತ್ತವೆ. ಹೀಗಿದ್ದರೂ ಬಿಜಾಪುರದ ಆದಿಲ್‌ಶಾಹಿ ಮನೆತನದ ಸ್ಥಾಪಕ ಯೂಸುಫ್ ಆದಿಲ್ ಶಾ ಅವರನ್ನು ಗೋಗಿಯಲ್ಲಿ ಸಮಾಧಿ ಮಾಡಿದ ಸುಮಾರು 500 ವರ್ಷಗಳ ಹಿಂದಿನಿಂದ ಇಂದಿನವರೆಗೆ ಕ್ಷಯಿಸಿರುವುದು 1.3 ಕೋಟಿ ಪರಮಾಣುಗಳಲ್ಲಿ ಒಂದು ಮಾತ್ರ. ಶಹಾಪುರದ ಬಳಿ ಮಲಗಿದ ಬುದ್ಧನಂತೆ ಕಾಣುವ ಬೆಟ್ಟವಿರುವ ಈ ಸೀಮೆಯ ಗ್ರಾನೈಟ್ ಶಿಲೆಗಳ ವಯಸ್ಸು ಸುಮಾರು 250 ಕೋಟಿ ವರ್ಷ. ಅಷ್ಟು ಕಾಲದಲ್ಲಿ ಸುಮಾರು ಮೂರನೆಯ ಒಂದು ಭಾಗ ಯುರೇನಿಯಂ-238 ಕ್ಷಯಿಸುತ್ತದೆ. ಎಂಟು ಆಲ್ಫಾ ಮತ್ತು ಆರು ಬೀಟಾ ಕ್ಷಯಗಳ ಕೊನೆಗೆ ಉಳಿಯುವುದು ಸೀಸ-206. ಈ ಸೀಸವನ್ನೂ ಉಳಿದ ಯುರೇನಿಯಂಅನ್ನೂ ಅಳೆದೇ ಭೂವಿಜ್ಞಾನಿಗಳು ಶಿಲೆಗಳ ವಯಸ್ಸನ್ನು ಲೆಕ್ಕಹಾಕುತ್ತಾರೆ.

ಸಿದ್ಧಾಂತದ ಮುಂದಿನ ಬೆಳವಣಿಗೆ

ಆಲ್ಫಾ ಕಣವು ಮೊದಲೇ ಸಿದ್ಧವಾಗಿರುತ್ತದೆ ಎಂಬುದು ಗ್ಯಾಮೊ ಅವರ ಮಾದರಿಯ ದುರ್ಬಲ ಭಾಗ. ಎರಡು ಪ್ರೋಟಾನು ಮತ್ತು ಎರಡು ನ್ಯೂಟ್ರಾನುಗಳು ನ್ಯೂಕ್ಲಿಯಸ್ಸಿನೊಳಗೆ ಒಟ್ಟುಗೂಡುವ ಸಂಭವವನ್ನು ನಂತರದವರು ಬೇರೆಯಾಗಿ ಲೆಕ್ಕಕ್ಕೆ ತೆಗೆದುಕೊಂಡರು. ಅದನ್ನು ಮೂಲತತ್ತ್ವಗಳಿಂದ ನಿಖರವಾಗಿ ಪಡೆಯುವುದು ಇಂದಿಗೂ ಕಠಿಣ. ಗೋಳಾಕಾರದಲ್ಲಿಲ್ಲದ ನ್ಯೂಕ್ಲಿಯಸ್ಸುಗಳಲ್ಲಿ ಗೋಡೆಯ ದಪ್ಪ ದಿಕ್ಕಿನಿಂದ ದಿಕ್ಕಿಗೆ ಬದಲಾಗುತ್ತದೆ. 1984ರಲ್ಲಿ ರೇಡಿಯಂ-223 ಆಲ್ಫಾ ಕಣದ ಬದಲು ಅಪರೂಪಕ್ಕೆ ಕಾರ್ಬನ್-14 ನ್ಯೂಕ್ಲಿಯಸ್ಸನ್ನೇ ಹೊರಸೂಸುವುದು ಪತ್ತೆಯಾದಾಗ, ಅದರ ವಿವರಣೆಗೂ ಇದೇ ಸುರಂಗ ಪರಿಣಾಮ ಒದಗಿತು. ಪ್ರಯೋಗಶಾಲೆಯಲ್ಲಿ ಸೃಷ್ಟಿಸಿದ ಅತಿಭಾರದ ಧಾತುಗಳನ್ನು ಗುರುತಿಸುವುದು ಬಹುಮಟ್ಟಿಗೆ ಅವುಗಳ ಆಲ್ಫಾ ಕ್ಷಯದ ಸರಣಿಯಿಂದ. ಇಂಥ ಧಾತುಗಳ ಅರ್ಧಾಯುವನ್ನು ಮುಂಚಿತವಾಗಿ ಅಂದಾಜಿಸುವ ಸೈದ್ಧಾಂತಿಕ ಅಧ್ಯಯನಗಳು ಕರ್ನಾಟಕದಲ್ಲಿಯೂ ನಡೆದಿವೆ. ಕೋಲಾರದ ಸರ್ಕಾರಿ ಮಹಿಳಾ ಕಾಲೇಜಿನ ಭೌತವಿಜ್ಞಾನ ವಿಭಾಗದಿಂದ ಈ ಕುರಿತ ಸಂಶೋಧನಾ ಲೇಖನಗಳು ಪ್ರಕಟವಾಗಿವೆ.

ಕೋಪನ್‌ಹೇಗನ್ ಮತ್ತು ಕೇಂಬ್ರಿಜ್

ಗಾಟಿಂಗೆನ್‌ನಿಂದ ಹಿಂದಿರುಗುವಾಗ, ಕೈಯಲ್ಲಿದ್ದ ಹಣ ಮುಗಿಯುತ್ತ ಬಂದಿದ್ದರೂ, ಗ್ಯಾಮೊ ಕೋಪನ್‌ಹೇಗನ್‌ಗೆ ಹೋಗಿ ನೀಲ್ಸ್ ಬೋರ್ ಅವರನ್ನು ಕಂಡರು. ಆಲ್ಫಾ ಕ್ಷಯದ ಲೆಕ್ಕವನ್ನು ಕೇಳಿದ ಬೋರ್ ಅವರಿಗೆ ಒಂದು ವರ್ಷದ ವಿದ್ಯಾರ್ಥಿವೇತನವನ್ನು ಒದಗಿಸಿದರು. ಅಲ್ಲಿಂದ 1929ರಲ್ಲಿ ಕೇಂಬ್ರಿಜ್‌ಗೆ ರುದರ್‌ಫೋರ್ಡ್ ಅವರ ಬಳಿಗೆ ಹೋದರು. ತಮ್ಮ ಊಹೆಯನ್ನು ತಳ್ಳಿಹಾಕಿದ ಯುವಕನನ್ನು ರುದರ್‌ಫೋರ್ಡ್ ಆದರದಿಂದಲೇ ಬರಮಾಡಿಕೊಂಡರು.

ಕಣವು ಗೋಡೆಯ ಒಳಗಿನಿಂದ ಹೊರಬರಬಲ್ಲದಾದರೆ ಹೊರಗಿನಿಂದ ಒಳಗೂ ಹೋಗಬಲ್ಲದು. ನ್ಯೂಕ್ಲಿಯಸ್ಸನ್ನು ಒಡೆಯಲು ಹಲವು ದಶಲಕ್ಷ ವೋಲ್ಟುಗಳು ಬೇಕೆಂದು ಅದುವರೆಗೆ ಎಣಿಸಲಾಗಿತ್ತು. ಅಂಥ ಯಂತ್ರವನ್ನು ಕಟ್ಟುವುದು ಆಗ ಅಸಾಧ್ಯವಾಗಿತ್ತು. ಹಗುರವಾದ ಪ್ರೋಟಾನುಗಳನ್ನು ಬಳಸಿದರೆ ಕೆಲವು ಲಕ್ಷ ವೋಲ್ಟುಗಳು ಸಾಕೆಂದು ಗ್ಯಾಮೊ ಅವರ ಸೂತ್ರ ಸೂಚಿಸಿತು. ಇದರ ಬಲದ ಮೇಲೆ ಜಾನ್ ಕಾಕ್‌ಕ್ರಾಫ್ಟ್ ಮತ್ತು ಅರ್ನೆಸ್ಟ್ ವಾಲ್ಟನ್ ಯಂತ್ರ ನಿರ್ಮಿಸಿ, 1932ರ ಏಪ್ರಿಲ್‌ನಲ್ಲಿ ಲಿಥಿಯಂ ನ್ಯೂಕ್ಲಿಯಸ್ಸನ್ನು ಎರಡು ಆಲ್ಫಾ ಕಣಗಳಾಗಿ ಒಡೆದರು. 1929ರಲ್ಲಿಯೇ ರಾಬರ್ಟ್ ಆಟ್ಕಿನ್‌ಸನ್ ಮತ್ತು ಫ್ರಿಟ್ಜ್ ಹೌಟರ್‌ಮನ್ಸ್ ಇದೇ ತತ್ತ್ವವನ್ನು ನಕ್ಷತ್ರಗಳಿಗೆ ಅನ್ವಯಿಸಿದ್ದರು. ಸೂರ್ಯನ ಗರ್ಭದ ಉಷ್ಣತೆಯೂ ಪ್ರೋಟಾನುಗಳು ಗೋಡೆಯನ್ನು ಏರಲು ಸಾಲದು. ಸುರಂಗ ಪರಿಣಾಮವಿಲ್ಲದಿದ್ದರೆ ಸೂರ್ಯ ಹೀಗೆ ಉರಿಯುತ್ತಿರಲಿಲ್ಲ. ನ್ಯೂಕ್ಲಿಯಸ್ಸನ್ನು ದ್ರವದ ಹನಿಯಂತೆ ಭಾವಿಸುವ ಮಾದರಿಯ ಮೊದಲ ರೂಪವನ್ನೂ ಗ್ಯಾಮೊ ಈ ವರ್ಷಗಳಲ್ಲಿ ಮಂಡಿಸಿದರು. ಮುಂದೆ ಯುರೇನಿಯಂ ವಿದಳನವನ್ನು ಅರ್ಥಮಾಡಿಕೊಳ್ಳಲು ಅದು ನೆರವಾಯಿತು.

ಸೋವಿಯತ್ ಒಕ್ಕೂಟವನ್ನು ತೊರೆದದ್ದು

1931ರಲ್ಲಿ ಗ್ಯಾಮೊ ತಾಯ್ನಾಡಿಗೆ ಮರಳಿದಾಗ ವಾತಾವರಣ ಬದಲಾಗಿತ್ತು. ಆ ವರ್ಷ ರೋಮ್‌ನಲ್ಲಿ ನಡೆದ ನ್ಯೂಕ್ಲಿಯರ್ ಭೌತವಿಜ್ಞಾನ ಸಮ್ಮೇಳನಕ್ಕೆ ಹೋಗಲು ಅವರಿಗೆ ಪಾಸ್‌ಪೋರ್ಟ್ ಸಿಗಲಿಲ್ಲ. ಅದೇ ವರ್ಷ ಭೌತವಿಜ್ಞಾನದ ಪದವೀಧರೆ ಲ್ಯುಬೊವ್ ವೊಖ್ಮಿಂತ್ಸೆವಾ ಅವರನ್ನು ವಿವಾಹವಾದರು. 1932ರಲ್ಲಿ, 28ನೆಯ ವಯಸ್ಸಿನಲ್ಲಿ, ಸೋವಿಯತ್ ವಿಜ್ಞಾನ ಅಕಾಡೆಮಿಯ ಸದಸ್ಯತ್ವವೂ ದೊರೆಯಿತು. ಗೌರವ ಹೆಚ್ಚಿದರೂ ಗಡಿ ದಾಟುವ ಅನುಮತಿ ಮಾತ್ರ ಇರಲಿಲ್ಲ.

ಆ ಬೇಸಿಗೆಯಲ್ಲಿ ದಂಪತಿ ಕ್ರಿಮಿಯಾದ ತೀರದಿಂದ ಸಣ್ಣ ದೋಣಿಯೊಂದರಲ್ಲಿ ಕಪ್ಪು ಸಮುದ್ರವನ್ನು ದಾಟಿ ತುರ್ಕಿಯನ್ನು ಸೇರಲು ಹೊರಟರು. ಕೆಲವು ದಿನಗಳ ಆಹಾರದೊಡನೆ ತಾವೇ ಹುಟ್ಟುಹಾಕುತ್ತ ಸುಮಾರು 250 ಕಿಲೋಮೀಟರಿಗೂ ಹೆಚ್ಚು ದೂರ ಸಾಗಬೇಕಿತ್ತು. ಮೊದಲ ದಿನ ಸುಗಮವಾಗಿ ಕಳೆಯಿತು. ಬಳಿಕ ಎದ್ದ ಬಿರುಗಾಳಿ ಅವರನ್ನು ಹೊರಟ ತೀರಕ್ಕೇ ಹಿಂದಕ್ಕೆ ತಳ್ಳಿತು. ದೋಣಿಯನ್ನು ಪರೀಕ್ಷಿಸುತ್ತಿದ್ದೆವೆಂದು ಹೇಳಿ ಅವರು ಪಾರಾದರು. ಉತ್ತರದ ಮುರ್ಮಾನ್ಸ್ಕ್ ಕಡೆಯಿಂದ ನಾರ್ವೆಗೆ ಹೋಗುವ ಮತ್ತೊಂದು ಪ್ರಯತ್ನವೂ ಕೈಗೂಡಲಿಲ್ಲ.

ಕೊನೆಗೆ ದಾರಿ ತೆರೆದದ್ದು ಸರ್ಕಾರದ ಕಡೆಯಿಂದಲೇ. 1933ರ ಅಕ್ಟೋಬರಿನಲ್ಲಿ ಬ್ರಸೆಲ್ಸ್‌ನ ಸಾಲ್ವೆ ಸಮ್ಮೇಳನಕ್ಕೆ ಗ್ಯಾಮೊ ಅವರನ್ನು ಕಳುಹಿಸಲು ನಿರ್ಧಾರವಾಯಿತು. ಪತ್ನಿಯಿಲ್ಲದೆ ಹೋಗಲಾರೆನೆಂದು ಪಟ್ಟುಹಿಡಿದ ಅವರು ಪ್ರಧಾನಿ ಮೊಲೊತೊವ್ ಅವರನ್ನು ಕಂಡು, ಇಬ್ಬರಿಗೂ ಪಾಸ್‌ಪೋರ್ಟ್ ಪಡೆದರು. ಹೋದವರು ಮರಳಲಿಲ್ಲ. ಆಹ್ವಾನಕ್ಕೆ ಕಾರಣರಾದ ಪಾಲ್ ಲಾಂಜೆವಿನ್ ಅವರಿಗೆ ಇದರಿಂದ ಮುಜುಗರವಾಗುವ ಸಂಭವವಿತ್ತು. ಮೇರಿ ಕ್ಯೂರಿ ಮಧ್ಯಸ್ಥಿಕೆ ವಹಿಸಿ ಅವರನ್ನು ಒಪ್ಪಿಸಿದರು. ಸೋವಿಯತ್ ಅಕಾಡೆಮಿ 1938ರಲ್ಲಿ ಗ್ಯಾಮೊ ಅವರ ಸದಸ್ಯತ್ವವನ್ನು ರದ್ದುಪಡಿಸಿತು.

ಅಮೆರಿಕದಲ್ಲಿ

1934ರಲ್ಲಿ ವಾಷಿಂಗ್ಟನ್ ನಗರದ ಜಾರ್ಜ್ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದ ಗ್ಯಾಮೊ, ಮರುವರ್ಷ ಎಡ್ವರ್ಡ್ ಟೆಲ್ಲರ್ ಅವರನ್ನೂ ಅಲ್ಲಿಗೆ ಕರೆಸಿಕೊಂಡರು. 1936ರಲ್ಲಿ ಇಬ್ಬರೂ ಕೂಡಿ ಬೀಟಾ ಕ್ಷಯದ ನಿಯಮವೊಂದನ್ನು ರೂಪಿಸಿದರು. 1940ರಲ್ಲಿ ಅವರಿಗೆ ಅಮೆರಿಕದ ಪೌರತ್ವ ದೊರೆಯಿತು. ಮಹಾಯುದ್ಧದ ಕಾಲದ ಪರಮಾಣು ಬಾಂಬ್ ಯೋಜನೆಯಲ್ಲಿ ಅವರು ಇರಲಿಲ್ಲ. ಯುದ್ಧಾನಂತರ ಹೈಡ್ರೋಜನ್ ಬಾಂಬಿನ ಕೆಲಸದಲ್ಲಿ ಭಾಗವಹಿಸಿದರು.

ವಿಶ್ವವು ಆರಂಭದಲ್ಲಿ ಅತಿ ಸಾಂದ್ರವೂ ಅತಿ ಬಿಸಿಯೂ ಆಗಿತ್ತು, ಧಾತುಗಳು ಆಗ ರೂಪುಗೊಂಡವು ಎಂಬ ವಿಚಾರವನ್ನು ಗ್ಯಾಮೊ 1940ರ ದಶಕದಲ್ಲಿ ಬೆಳೆಸಿದರು. ಲೆಕ್ಕದ ಬಹುಪಾಲು ಭಾರವನ್ನು ಹೊತ್ತವರು ಅವರ ವಿದ್ಯಾರ್ಥಿ ರಾಲ್ಫ್ ಆಲ್ಫರ್. ಲೇಖನ ಪ್ರಕಟವಾಗುವಾಗ ಗ್ಯಾಮೊ, ಅದರಲ್ಲಿ ಪಾಲಿಲ್ಲದ ಹಾನ್ಸ್ ಬೇಥೆ ಅವರ ಹೆಸರನ್ನೂ ಸೇರಿಸಿದರು. ಆಲ್ಫರ್, ಬೇಥೆ, ಗ್ಯಾಮೊ ಎಂಬುದು ಆಲ್ಫಾ, ಬೀಟಾ, ಗಾಮಾ ಎಂದು ಕೇಳಿಸಲಿ ಎಂಬ ವಿನೋದ ಅದಕ್ಕೆ ಕಾರಣ. ಲೇಖನ ಹೊರಬಂದದ್ದು 1948ರ ಏಪ್ರಿಲ್ 1ರಂದು. ಈ ವಿನೋದದ ಬೆಲೆಯನ್ನು ತೆತ್ತವರು ಆಲ್ಫರ್. ಇಬ್ಬರು ಪ್ರಖ್ಯಾತರ ನಡುವೆ ಯುವ ಸಂಶೋಧಕನ ಕೆಲಸ ಮರೆಯಾಯಿತು, ಆ ನೋವು ಅವರಿಗೆ ಕೊನೆಯವರೆಗೂ ಇತ್ತು.

ಹೀಲಿಯಂನ ಪ್ರಮಾಣವನ್ನು ಈ ಸಿದ್ಧಾಂತ ಸರಿಯಾಗಿ ವಿವರಿಸಿತು. ಆದರೆ ಎಲ್ಲ ಧಾತುಗಳೂ ಆರಂಭದಲ್ಲಿಯೇ ಹುಟ್ಟಿದವೆಂಬ ಭಾಗ ನಿಲ್ಲಲಿಲ್ಲ. ದ್ರವ್ಯರಾಶಿ ಸಂಖ್ಯೆ 5 ಮತ್ತು 8ರ ಸ್ಥಿರ ನ್ಯೂಕ್ಲಿಯಸ್ಸುಗಳಿಲ್ಲ. ಬೆರಿಲಿಯಂ-8 ಹುಟ್ಟಿದೊಡನೆ ಎರಡು ಆಲ್ಫಾ ಕಣಗಳಾಗಿ ಒಡೆಯುತ್ತದೆ. ಆ ಕಂದಕವನ್ನು ದಾಟಿ ಭಾರ ಧಾತುಗಳು ರೂಪುಗೊಳ್ಳುವುದು ನಕ್ಷತ್ರಗಳಲ್ಲಿ ಎಂದು ಮುಂದೆ ತಿಳಿಯಿತು. ಆದಿಮ ಉಷ್ಣತೆಯ ಶೇಷವಾಗಿ ವಿಶ್ವದಲ್ಲೆಲ್ಲ ಸುಮಾರು 5 ಕೆಲ್ವಿನ್ ಉಷ್ಣತೆಯ ವಿಕಿರಣ ಇರಬೇಕೆಂದು ಆಲ್ಫರ್ ಮತ್ತು ರಾಬರ್ಟ್ ಹರ್ಮನ್ 1948ರಲ್ಲಿಯೇ ಲೆಕ್ಕಹಾಕಿದ್ದರು. 1965ರಲ್ಲಿ ಆರ್ನೊ ಪೆನ್ಜಿಯಸ್ ಮತ್ತು ರಾಬರ್ಟ್ ವಿಲ್ಸನ್ ತಾವು ಪತ್ತೆಹಚ್ಚಿದ ಆ ವಿಕಿರಣವನ್ನು ಪ್ರಕಟಿಸಿದಾಗ ಈ ಮೂವರ ಹೆಸರು ಅಷ್ಟಾಗಿ ಕೇಳಿಬರಲಿಲ್ಲ.

ಆನುವಂಶಿಕ ಸಂಕೇತ

1953ರಲ್ಲಿ ಡಿ.ಎನ್.ಎ. ರಚನೆ ಪ್ರಕಟವಾದಾಗ ಗ್ಯಾಮೊ ಅದನ್ನು ಸಂಕೇತಲಿಪಿಯ ಪ್ರಶ್ನೆಯಾಗಿ ಕಂಡರು. ನಾಲ್ಕು ಅಕ್ಷರಗಳಿಂದ 20 ಅಮೈನೋ ಆಮ್ಲಗಳನ್ನು ಹೆಸರಿಸಬೇಕಾದರೆ ಎರಡೆರಡು ಅಕ್ಷರಗಳ 16 ಜೋಡಿಗಳು ಸಾಲವು, ಮೂರು ಮೂರು ಅಕ್ಷರಗಳ 64 ಗುಂಪುಗಳು ಬೇಕು ಎಂಬುದು ಅವರ ತರ್ಕ. ಅವರು ಸೂಚಿಸಿದ ನಿರ್ದಿಷ್ಟ ಸಂಕೇತ ತಪ್ಪಾಗಿತ್ತು, ಮೂರಕ್ಷರದ ಎಣಿಕೆ ಸರಿಯಾಗಿತ್ತು. ಜೇಮ್ಸ್ ವಾಟ್ಸನ್ ಅವರೊಡನೆ ಕೂಡಿ 20 ಸದಸ್ಯರ ಒಂದು ಕೂಟವನ್ನು ಕಟ್ಟಿ, ಪ್ರತಿ ಸದಸ್ಯನಿಗೂ ಒಂದೊಂದು ಅಮೈನೋ ಆಮ್ಲದ ಹೆಸರನ್ನು ಕೊಟ್ಟಿದ್ದರು. ಈ ಸಂಕೇತವನ್ನು ಪ್ರಯೋಗಗಳಿಂದ ಬಿಡಿಸಿದ್ದಕ್ಕಾಗಿ ಹರ್‌ಗೋಬಿಂದ್ ಖುರಾನಾ ಮತ್ತು ಇತರ ಇಬ್ಬರಿಗೆ ನೊಬೆಲ್ ಪ್ರಶಸ್ತಿ ಬಂದದ್ದು 1968ರಲ್ಲಿ, ಗ್ಯಾಮೊ ತೀರಿಕೊಂಡ ಕೆಲವೇ ತಿಂಗಳಲ್ಲಿ.

ಪುಸ್ತಕಗಳು

ಬ್ಯಾಂಕ್ ಗುಮಾಸ್ತ ಟಾಂಪ್ಕಿನ್ಸ್ ಎಂಬುವನು ಭೌತವಿಜ್ಞಾನದ ಉಪನ್ಯಾಸ ಕೇಳುತ್ತ ನಿದ್ರೆಹೋಗಿ, ಬೆಳಕಿನ ವೇಗ ಅತ್ಯಲ್ಪವಾಗಿರುವ ಊರಿನ ಕನಸು ಕಾಣುವ ಕಥೆಗಳು ಗ್ಯಾಮೊ ಅವರಿಗೆ ಹೊಸ ಓದುಗರನ್ನು ತಂದವು. 1947ರಲ್ಲಿ ಪ್ರಕಟವಾದ, ಎಣಿಕೆಯಿಂದ ಅನಂತದವರೆಗಿನ ವಿಷಯಗಳನ್ನು ಹೇಳುವ ಪುಸ್ತಕವೂ ಬಹುಜನಪ್ರಿಯ. ಚಿತ್ರಗಳನ್ನು ಹಲವು ಕಡೆ ತಾವೇ ಬರೆಯುತ್ತಿದ್ದರು. ಕಾಗುಣಿತದಲ್ಲಿ ಮಾತ್ರ ಅವರು ಎಂದೂ ಪಳಗಲಿಲ್ಲ. ವಿಜ್ಞಾನದ ಜನಪ್ರಿಯ ಬರವಣಿಗೆಗಾಗಿ 1956ರಲ್ಲಿ ಯುನೆಸ್ಕೊದ ಕಳಿಂಗ ಪ್ರಶಸ್ತಿ ಅವರಿಗೆ ದೊರೆಯಿತು. ಈ ಪ್ರಶಸ್ತಿಯನ್ನು ಸ್ಥಾಪಿಸಿದವರು ಒಡಿಶಾದ ಬಿಜು ಪಟ್ನಾಯಕ್.

ಕೊನೆಯ ವರ್ಷಗಳು

1956ರಲ್ಲಿ ಗ್ಯಾಮೊ ಬೋಲ್ಡರ್‌ನ ಕೊಲರಾಡೊ ವಿಶ್ವವಿದ್ಯಾಲಯವನ್ನು ಸೇರಿದರು. ಮೊದಲ ವಿವಾಹ ವಿಚ್ಛೇದನದಲ್ಲಿ ಕೊನೆಗೊಂಡು, 1958ರಲ್ಲಿ ಬಾರ್ಬರಾ ಪರ್ಕಿನ್ಸ್ ಅವರನ್ನು ವರಿಸಿದರು. ಅವರ ಸೂತ್ರವನ್ನು ಆಧರಿಸಿ ಯಂತ್ರ ಕಟ್ಟಿದ ಕಾಕ್‌ಕ್ರಾಫ್ಟ್ ಮತ್ತು ವಾಲ್ಟನ್ ಅವರಿಗೆ 1951ರಲ್ಲಿ, ನಕ್ಷತ್ರಗಳ ಶಕ್ತಿಯ ಮೂಲವನ್ನು ವಿವರಿಸಿದ ಬೇಥೆ ಅವರಿಗೆ 1967ರಲ್ಲಿ, ಪೆನ್ಜಿಯಸ್ ಮತ್ತು ವಿಲ್ಸನ್ ಅವರಿಗೆ 1978ರಲ್ಲಿ ನೊಬೆಲ್ ಪ್ರಶಸ್ತಿ ಸಂದಿತು. ಗ್ಯಾಮೊ ಅವರಿಗೆ ಅದು ಸಿಗಲಿಲ್ಲ.

1968ರ ಆಗಸ್ಟ್ 19ರಂದು, 64ನೆಯ ವಯಸ್ಸಿನಲ್ಲಿ, ಅವರು ಬೋಲ್ಡರ್‌ನಲ್ಲಿ ನಿಧನರಾದರು. ಅಪೂರ್ಣವಾಗಿ ಉಳಿದಿದ್ದ ಆತ್ಮಕಥೆ 1970ರಲ್ಲಿ ಪ್ರಕಟವಾಯಿತು. ಸೋವಿಯತ್ ವಿಜ್ಞಾನ ಅಕಾಡೆಮಿ ಅವರ ಸದಸ್ಯತ್ವವನ್ನು 1990ರಲ್ಲಿ, ಮರಣಾನಂತರ, ಮರಳಿ ನೀಡಿತು.